ಕ್ಲೇಮು ಕೇಸು: ವಕೀಲರನ್ನು ನೋಡುವ ಮುಂಚೆ ಕಟ್ಟಿದ ಫೈಲು

ರಸ್ತೆ ಅಪಘಾತದ ಪರಿಹಾರದ ಅರ್ಜಿಗೆ ಕೋರ್ಟಿನಲ್ಲಿ ಎಂವಿಸಿ (ಮೋಟಾರು ವಾಹನ ಕೇಸು) ಅಂತ ನಂಬರು ಬೀಳುತ್ತದೆ, ನಮ್ಮ ಕಡೆ ಬಾಯಲ್ಲಿ ಅದು ಕ್ಲೇಮು ಕೇಸು. ತಮ್ಮನ ಬೈಕಿಗೆ ಟಿಪ್ಪರ್ ಬಡಿದು ಕಾಲು ಮುರಿದ ಮೇಲೆ ಬಳ್ಳಾರಿಯಲ್ಲಿ ಆ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಮೊದಲ ಭೇಟಿಯಲ್ಲಿ ವಕೀಲರು ನಮ್ಮನ್ನು ಕೇಳುವುದು ಕಡಿಮೆ, ಕಾಗದ ಓದುವುದು ಹೆಚ್ಚು ಆಗಬೇಕು ಅನ್ನುವುದು ನನ್ನ ಲೆಕ್ಕ. ಅದಕ್ಕೆ ಫೈಲು ಮೊದಲು, ವಕೀಲರು ಆಮೇಲೆ.

ಹಾಗಂತ ತಿಂಗಳುಗಟ್ಟಲೆ ಕಾಗದ ಹುಡುಕುತ್ತ ಕೂರುವಂತಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ನಿಜ. ಅದನ್ನು ನಂಬಿ ದಿನ ದೂಡುವುದು ಬೇಡ.

ಠಾಣೆಯಿಂದ ಬೇಕಾದದ್ದು ದೂರಿನ ಪ್ರತಿ ಸಮೇತ ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಆರ್‌ಟಿಒ ಇನ್ಸ್‌ಪೆಕ್ಟರ್ ಕೊಟ್ಟ ವಾಹನ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟು. ಚಾರ್ಜ್‌ಶೀಟು ತಡವಾಗಿ ಬರುತ್ತದೆ, ಅದಕ್ಕೆ ಕಾಯದೆ ಉಳಿದದ್ದನ್ನು ಹಿಡಿದು ಹೋಗಬಹುದು. 2024ರ ಜುಲೈ 1ರ ನಂತರದ ಅಪಘಾತವಾದರೆ ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 281, 125(ಎ), 125(ಬಿ) ಕಲಂಗಳು ಇರುತ್ತವೆ. ಸಾದಾ ಗಾಯಕ್ಕೆ 125(ಎ), ಭಾರಿ ಗಾಯಕ್ಕೆ 125(ಬಿ). ಮೂಳೆ ಮುರಿದರೆ ಅದು ಭಾರಿ ಗಾಯವೇ. ಗಾಯದ ಪ್ರಮಾಣಪತ್ರದಲ್ಲಿ ‘ಸಾದಾ’ ಅಂತ ಬಿದ್ದಿದ್ದರೆ, ಎಕ್ಸ್‌ರೇ ವರದಿ ಬರುವ ಮುಂಚೆ ಅದನ್ನು ಬರೆದಿದ್ದಾರಾ ಅಂತ ತಾರೀಖು ನೋಡಿ.

ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ಕ್ಲೇಮು ಕೇಸು ನಡೆಸುವ ನ್ಯಾಯಮಂಡಳಿಗೆ ಕಳಿಸಬೇಕು ಅಂತ 2022ರ ನಿಯಮ ಹೇಳುತ್ತದೆ. ಅದರ ಪ್ರತಿಯನ್ನೂ ಕೇಳಿ ಪಡೆಯಬೇಕು. ಆದರೆ ಪೊಲೀಸರು ವರದಿ ಕಳಿಸಿದರೆ ನಮ್ಮ ಅರ್ಜಿ ಬೇಡ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮ ಆದಾಯ, ಖರ್ಚು, ಅಂಗವೈಕಲ್ಯವನ್ನು ನಾವೇ ಸಾಬೀತು ಮಾಡಬೇಕು.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಆಸ್ಪತ್ರೆಯ ಕಾಗದಕ್ಕೆ. ಡಿಸ್ಚಾರ್ಜ್ ಕಾರ್ಡು, ಬಿಲ್ಲು ಎಲ್ಲರ ಹತ್ತಿರವೂ ಇರುತ್ತವೆ. ಕೇಸು ಗೆಲ್ಲಿಸುವುದು ಅಥವಾ ಕೆಡಿಸುವುದು ಕೇಸ್‌ಶೀಟಿನ ಮೊದಲ ಹಾಳೆಯಲ್ಲಿ ‘ಹಿಸ್ಟರಿ’ ಅಂತ ಇರುವ ಒಂದು ಸಾಲು. ಗಾಯಾಳುವನ್ನು ಎತ್ತಿಕೊಂಡು ಬಂದವರು ಗಾಬರಿಯಲ್ಲಿ ‘ಬೈಕಿನಿಂದ ಬಿದ್ದಾನ್ರಿ’ ಅಂದರೆ ಡ್ಯೂಟಿ ಡಾಕ್ಟರು ಅಷ್ಟನ್ನೇ ಬರೆಯುತ್ತಾರೆ, ಟಿಪ್ಪರ್ ಮಾತೇ ಇರುವುದಿಲ್ಲ. ವಿಮಾ ಕಂಪನಿಯ ವಕೀಲರು ಕೇಸ್‌ಶೀಟನ್ನು ಕೋರ್ಟಿಗೆ ತರಿಸಿ ಪಾಟೀ ಸವಾಲು ಶುರುಮಾಡುವುದೇ ಆ ಸಾಲಿನಿಂದ: ತಾನೇ ಬಿದ್ದವನು, ಆಮೇಲೆ ವಿಮೆ ಇರುವ ಗಾಡಿಯ ನಂಬರು ಸೇರಿಸಿದ್ದಾರೆ ಅಂತ. ಆದ್ದರಿಂದ ಒಳರೋಗಿ ದಾಖಲೆಯ ಪೂರ್ತಿ ನಕಲಿಗೆ ಅರ್ಜಿ ಕೊಟ್ಟು, ಎಂಎಲ್‌ಸಿ ನಂಬರು (ಪೊಲೀಸ್ ಕೇಸಾಗುವ ಗಾಯಕ್ಕೆ ಆಸ್ಪತ್ರೆ ಹಾಕುವ ನಂಬರು) ಗುರುತು ಹಾಕಿಕೊಳ್ಳಬೇಕು. ಮೊದಲು ತಾಲೂಕು ಆಸ್ಪತ್ರೆ, ಅಲ್ಲಿಂದ ಬಳ್ಳಾರಿಯ ವಿಮ್ಸ್ ಅಥವಾ ರಾಯಚೂರಿನ ರಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಖಾಸಗಿ ಅಂತ ಹೋಗಿದ್ದರೆ ಆ ಮೊದಲ ತಾಲೂಕು ಆಸ್ಪತ್ರೆಯ ಒಪಿ ಚೀಟಿಗೆ ಎಲ್ಲಕ್ಕಿಂತ ಬೆಲೆ ಜಾಸ್ತಿ. ಎಫ್‌ಐಆರ್ ನಾಲ್ಕು ದಿನ ತಡವಾಗಿದ್ದರೆ ಅದೇ ಚೀಟಿ ಆಸರೆ.

ವಯಸ್ಸು ಇನ್ನೊಂದು ತಕರಾರು. ಆಸ್ಪತ್ರೆಯಲ್ಲಿ ಅಂದಾಜಿಗೆ 45 ಬರೆದಿರುತ್ತಾರೆ, ನಿಜವಾದ ವಯಸ್ಸು 38. ಇದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 15,000 ದುಡಿಯುವ ಸ್ವಂತ ಕಸುಬಿನವರು, ಅಂಗವೈಕಲ್ಯ ಶೇ 15 ಅಂತ ಇಟ್ಟುಕೊಳ್ಳಿ. ನಲವತ್ತರೊಳಗಿದ್ದರೆ ಮುಂದಿನ ಆದಾಯ ಹೆಚ್ಚಳಕ್ಕೆ ಶೇ 40 ಸೇರಿ 21,000 ಆಗುತ್ತದೆ. ವಯಸ್ಸು ನೋಡಿ ವರ್ಷದ ಆದಾಯವನ್ನು ಗುಣಿಸುವ ಅಂಕಿಗೆ ಗುಣಕ ಅನ್ನುತ್ತಾರೆ, 38ಕ್ಕೆ ಅದು 15. ಹನ್ನೆರಡು ತಿಂಗಳು, ಗುಣಕ 15, ಶೇ 15 ಹಾಕಿದರೆ 5,67,000. 45 ಅಂತಾದರೆ ಸೇರುವುದು ಶೇ 25 ಮಾತ್ರ, ಗುಣಕ 14, ಬರುವುದು 4,72,500. ವ್ಯತ್ಯಾಸ 94,500 ರೂಪಾಯಿ, ಒಂದು ಅಂದಾಜಿನ ಅಂಕಿಯಿಂದ. ಆಧಾರ್ ಸಾಕು ಅನ್ನಬೇಡಿ, ಅದು ಹುಟ್ಟಿದ ತಾರೀಖಿಗೆ ಪುರಾವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆಯ ಟಿಸಿ ಹುಡುಕಿ. ಹೆಸರೂ ಹಾಗೇ: ಒಂದರಲ್ಲಿ ಹನುಮಂತ, ಇನ್ನೊಂದರಲ್ಲಿ ಹನುಮಂತಪ್ಪ ಇದ್ದರೆ ಮೊದಲೇ ಹೇಳಿದರೆ ಅರ್ಜಿಯಲ್ಲಿ ‘ಉರುಫ್’ ಹಾಕುತ್ತಾರೆ.

ಅಂಗವೈಕಲ್ಯದ ಶೇಕಡಾ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆ ಇದೆ. ಡಾಕ್ಟರು ಕಾಲಿಗೆ ಶೇ 45 ಬರೆದುಕೊಟ್ಟರೆ ಕೋರ್ಟು ಇಡೀ ದೇಹಕ್ಕೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಹಿಡಿಯುತ್ತದೆ. ಆದರೆ 2011ರ ಸುಪ್ರೀಂ ಕೋರ್ಟಿನ ರಾಜ್‌ಕುಮಾರ್ ತೀರ್ಪಿನ ಪ್ರಕಾರ ನೋಡಬೇಕಾದದ್ದು ದುಡಿಮೆಯ ಶಕ್ತಿ ಎಷ್ಟು ಕುಂದಿತು ಅನ್ನುವುದನ್ನು. ಲಾರಿ ಡ್ರೈವರಿಗೆ ಮೊಣಕಾಲು ಮಡಚದಿದ್ದರೆ ಕೆಲಸವೇ ಹೋದಂತೆ, ಮೇಜಿನ ಕೆಲಸದವರಿಗೆ ಅಷ್ಟಿಲ್ಲ. ಹಾಗಾಗಿ ಏನು ಕೆಲಸ, ಅದರಲ್ಲಿ ಈಗ ಯಾವುದು ಆಗುತ್ತಿಲ್ಲ ಅನ್ನುವುದನ್ನು ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು: ಚೀಲ ಹೊರಲು, ಕುಕ್ಕರಗಾಲಲ್ಲಿ ಕೂರಲು, ಗದ್ದೆಯ ಬದು ಹತ್ತಲು.

ಆದಾಯದ ಕಾಗದದಲ್ಲಿ ಒಂದು ಗುಂಡಿ ಇದೆ. ಮಕ್ಕಳ ಸ್ಕಾಲರ್‌ಶಿಪ್ಪಿಗೆ ತೆಗೆದಿಟ್ಟ ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಕಣ್ಣುಮುಚ್ಚಿ ಫೈಲಿಗೆ ಸೇರಿಸಬೇಡಿ. ಅದರಲ್ಲಿ ವರ್ಷಕ್ಕೆ ಬರೆದ ಮೊತ್ತ ನಾವು ತಿಂಗಳಿಗೆ ಹೇಳುವುದಕ್ಕೆ ತಾಳೆಯಾಗುವುದಿಲ್ಲ. ಮುಚ್ಚಿಡುವುದೂ ಬೇಡ, ವಕೀಲರ ಕೈಗೆ ಕೊಟ್ಟು ಹೀಗಿದೆ ಅಂತ ಹೇಳಿ. ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿಯ ಹಾಜರಿ ಪುಸ್ತಕ, ಡ್ರೈವರಾದರೆ ಲೈಸೆನ್ಸು, ರೈತರಾದರೆ ಪಹಣಿ, ಅಕ್ಕಿ ಗಿರಣಿಯಲ್ಲಿದ್ದರೆ ಪಗಾರದ ಚೀಟಿ, ಇವು ಕೆಲಸಕ್ಕೆ ಬರುತ್ತವೆ. ಏನೂ ಇಲ್ಲದಿದ್ದರೆ ಅಪಘಾತದ ವರ್ಷ ನೋಡಿ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತದೆ.

ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಕೂಡಿಸಿ, ಮೊತ್ತ ಬರೆಯಿರಿ. ಮೆಡಿಕಲ್ ಶಾಪಿನ ಥರ್ಮಲ್ ರಸೀದಿ ಬೇಸಿಗೆ ಮುಗಿಯುವುದರೊಳಗೆ ಬಿಳಿ ಕಾಗದವಾಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿಡಿ. ಎಕ್ಸ್‌ರೇ ಫಿಲ್ಮು ಮಡಚಬೇಡಿ. ಆಯುಷ್ಮಾನ್ ಕಾರ್ಡಿನಲ್ಲಿ ಅಥವಾ ಆರೋಗ್ಯ ವಿಮೆಯಲ್ಲಿ ಎಷ್ಟು ಹೋಯಿತು ಅಂತ ಬೇರೆ ತೋರಿಸಿ.

ಟಿಪ್ಪರಿನ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ವಿಮೆ ಯಾವ ತಾರೀಖಿನವರೆಗೆ ಇದೆ ಅಂತ ಕಾಣುತ್ತದೆ. ಗಾಡಿ ಗೊತ್ತಾಗದೆ ಓಡಿಹೋಗಿದ್ದರೆ ದಾರಿಯೇ ಬೇರೆ, ಭಾರಿ ಗಾಯಕ್ಕೆ 50,000, ಸಾವಿಗೆ 2 ಲಕ್ಷದ ಸರ್ಕಾರಿ ಯೋಜನೆ.

ಇನ್ನು ವಕೀಲರು. ಆಸ್ಪತ್ರೆಯ ಮಂಚದ ಹತ್ತಿರಕ್ಕೇ ಬಂದು ‘ನಮ್ಮ ಸಾಹೇಬ್ರಿಗೆ ಕೊಡ್ರಿ ಅಣ್ಣಾ’ ಅನ್ನುವವರನ್ನು ಅಲ್ಲಿಂದಲೇ ಕಳಿಸಿ. ವಕೀಲರು ಹೀಗೆ ಕೇಸು ಹಿಡಿಯುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಕೋರ್ಟುಗಳ ಇಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಿದರೆ ಅವರ ಎಂವಿಸಿ ಕೇಸುಗಳು ಸಿಗುತ್ತವೆ. ಗೈರುಹಾಜರಿಯಿಂದ ವಜಾ ಆದವು ಎಷ್ಟು ಅಂತ ನಾನು ನೋಡಿದ್ದು ಅಲ್ಲೇ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ಫೀ ಮಾತಾಡುವುದಕ್ಕೂ ಅದೇ ನಿಯಮದಲ್ಲಿ ಅಡ್ಡಿ ಇದೆ, ಆದರೂ ಎಲ್ಲ ಕಡೆ ನಡೆಯುತ್ತದೆ. ನಾನು ಹಂತ ಹಂತದ ಫೀ ಕೇಳಿದೆ: ಅರ್ಜಿ ಹಾಕುವಾಗ ಇಷ್ಟು, ಸಾಕ್ಷ್ಯದ ವೇಳೆಗೆ ಇಷ್ಟು, ವಾದಕ್ಕೆ ಇಷ್ಟು. ಡಾಕ್ಟರನ್ನು ಸಾಕ್ಷಿಗೆ ಕರೆಸುವ ಖರ್ಚು ಯಾರದು ಅಂತ ಬೇರೆ ಬರೆಸಿಕೊಂಡೆ, ಯಾಕೆಂದರೆ ಜಗಳ ಬರುವುದು ಅಲ್ಲೇ. ಫೀ ಕೊಡಲು ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಅಲ್ಲಿ ಆದಾಯ ಕೇಳುವುದಿಲ್ಲ. ಫೋನು 15100.

ಮೊದಲ ಭೇಟಿಯಲ್ಲಿ ಕೇಳಬೇಕಾದವು ಕೆಲವೇ. ಅಪಘಾತ ಆಂಧ್ರದ ಆದೋನಿ ಅಥವಾ ಗುಂತಕಲ್ ಹತ್ತಿರ ಆಗಿದ್ದರೂ ನಾವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು, ಎಲ್ಲಿ ಹಾಕುತ್ತೀರಿ? ಎದುರು ಡ್ರೈವರಿನ ಲೈಸೆನ್ಸು ಸರಿ ಇಲ್ಲದಿದ್ದರೆ ಹಣ ಯಾರಿಂದ ಬರುತ್ತದೆ? ಹತ್ತಿ ಬಿಡಿಸಲು ಗೂಡ್ಸ್ ಗಾಡಿಯಲ್ಲಿ ಹೋಗುತ್ತಿದ್ದವರಾದರೆ ಇದು ಇನ್ನೂ ಗಟ್ಟಿ ಪ್ರಶ್ನೆ. ಯಾವ ಡಾಕ್ಟರು ಸಾಕ್ಷಿ ಹೇಳುತ್ತಾರೆ, ಚಿಕಿತ್ಸೆ ಕೊಟ್ಟವರೋ ಬೇರೆಯವರೋ? ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ, ಎಷ್ಟಕ್ಕಿಂತ ಕೆಳಗೆ ನಮ್ಮನ್ನು ಕೇಳದೆ ಒಪ್ಪುವುದಿಲ್ಲ ಅನ್ನುವುದನ್ನೂ ಅಂದೇ ಮಾತಾಡಿ.

ವಕಾಲತ್ತಿಗೆ ಸಹಿ ಹಾಕಬೇಕು, ಖಾಲಿ ಹಾಳೆಗೆ ಮತ್ತು ಖಾಲಿ ಚೆಕ್ಕಿಗೆ ಬೇಡ. ಮೂಲ ದಾಖಲೆ ಕೊಟ್ಟರೆ ಪಟ್ಟಿ ಬರೆದು ಗುಮಾಸ್ತರ ಸಹಿ ಪಡೆಯಿರಿ. ವಿಮಾ ಕಂಪನಿಯ ಕಡೆಯವರು ಮನೆಗೆ ಬಂದು ‘ನೀವು ಹೇಳ್ರಿ ಯಜಮಾನ್ರ, ನಾನು ಬರ್ಕೊಂತೀನಿ’ ಅಂದರೆ ವಕೀಲರ ನಂಬರು ಕೊಟ್ಟು ಸುಮ್ಮನಾಗಿ. ಅರ್ಜಿ ಹಾಕಿದ ಮೇಲೆ ಅದರ ಪ್ರತಿ ಮತ್ತು ಕೇಸಿನ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಪಡೆದರೆ ವಾಯ್ದೆ ಯಾವಾಗ ಅಂತ ಫೋನಿನಲ್ಲೇ ಕಾಣುತ್ತದೆ.

ತೀರ್ಪಿನಲ್ಲಿ ಕಡಿಮೆ ಬಂದರೆ ಮೇಲ್ಮನವಿಗೆ 90 ದಿನ. ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಅಲ್ಲಿ ಯಾರು ನಡೆಸುತ್ತಾರೆ, ಆ ಫೀ ಬೇರೆಯೋ ಇದರಲ್ಲೇ ಸೇರಿದೆಯೋ ಅನ್ನುವುದನ್ನೂ ಮೊದಲ ದಿನವೇ ಕೇಳಿಟ್ಟುಕೊಳ್ಳಿ.