ಗಣಿತ, ವಿಜ್ಞಾನ, ಸಮಾಜದ ಪೀರಿಯಡ್ಡಿನಲ್ಲಿ ಓದು-ಬರಹ ಕಲಿಸುವುದು ಹೇಗೆ?

ಯಾವುದಾದರೂ ಹೈಸ್ಕೂಲಿನ ಸಮಾಜದ ನೋಟ್ಸ್ ತೆಗೆದು ನೋಡಿ. ಅಕ್ಷರ ದುಂಡಗಿರುತ್ತದೆ, ಉತ್ತರ ಸರಿಯಾಗಿರುತ್ತದೆ, ಕೆಳಗೆ ಮೇಷ್ಟ್ರ ಕೆಂಪು ಟಿಕ್ಕೂ ಇರುತ್ತದೆ. ಅದೇ ಪುಟ ತೋರಿಸಿ ‘ಇಲ್ಲಿ ಏನು ಬರೆದಿದ್ದೀಯ ಹೇಳಮ್ಮ’ ಅಂದರೆ ಹುಡುಗಿ ನೆಲ ನೋಡುತ್ತಾಳೆ. ಅವಳು ಬರೆದಿಲ್ಲ, ಬೋರ್ಡಿನಿಂದ ಇಳಿಸಿಕೊಂಡಿದ್ದಾಳೆ.

ಓದು-ಬರಹ ಕನ್ನಡ ಮೇಷ್ಟ್ರ ಕೆಲಸ, ನಮಗೆ ಪೋರ್ಷನ್ ಮುಗಿದರೆ ಸಾಕು ಅನ್ನುವವರು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಭಾಷೆ ಕಲಿಸುವುದು ಎಲ್ಲ ವಿಷಯದ ಶಿಕ್ಷಕರ ಹೊಣೆ ಅಂತ ಇಂಗ್ಲೆಂಡಿನ ಬುಲಕ್ ಸಮಿತಿ 1975ರಲ್ಲೇ ಹೇಳಿತ್ತು. ನಮ್ಮ ಎರಡು ವರ್ಷದ ಬಿ.ಇಡಿ.ಯಲ್ಲೂ ಇದಕ್ಕೆ ಒಂದು ಪತ್ರಿಕೆ ಇದೆ. ಪಾಸಾದ ಮೇಲೆ ಮರೆಯುತ್ತೇವೆ, ಅಷ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ, ಸಮಾಜಕ್ಕೇ 300 ಅಂಕ. ಪ್ರಶ್ನೆ ಏನು ಕೇಳುತ್ತಿದೆ ಅಂತ ಓದಿ ತಿಳಿಯದ ಮಗು ಅದನ್ನು ಎಲ್ಲಿಂದ ತರಬೇಕು?

ಮೊದಲು: ಪಾಠ ಪೂರ್ತಿ ಬೇಡ, ಒಂದು ಪ್ಯಾರಾ ಆರಿಸಿಕೊಳ್ಳಿ. ಅರ್ಧ ಪುಟಕ್ಕಿಂತ ಜಾಸ್ತಿ ಬೇಡವೇ ಬೇಡ.

ಆಮೇಲೆ: ಗಟ್ಟಿ ಪದ ನಾಲ್ಕೈದು ಬೋರ್ಡಿನ ಮೇಲೆ ಬರೆದು ಬಾಯಲ್ಲಿ ವಿವರಿಸಿ. ವ್ಯಾಖ್ಯೆ ಬರೆಸಬೇಡಿ.

ಓದಿಸುವುದು: ಪ್ರಶ್ನೆಯನ್ನು ಓದುವ ಮೊದಲೇ ಕೊಡಿ. ಒಬ್ಬೊಬ್ಬರನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸುವ ಪದ್ಧತಿ ನನಗೆ ಸೇರುವುದಿಲ್ಲ. ಒಬ್ಬ ಓದುತ್ತಿದ್ದರೆ ಉಳಿದವರು ತಮ್ಮ ಪಾಲಿಗೆ ಯಾವ ಸಾಲು ಬರುತ್ತದೆ ಅಂತ ಬೆರಳಿಟ್ಟು ಎಣಿಸುತ್ತಿರುತ್ತಾರೆ. ತಮ್ಮ ಸಾಲು ಮುಗಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾರೆ. ಮನಸ್ಸಿನಲ್ಲೇ ಓದಲಿ. ಓದಲು ತಡವರಿಸುವವರ ಪಕ್ಕ ಸರಾಗವಾಗಿ ಓದುವವರನ್ನು ಕೂರಿಸಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಓದಿಸಿದ ತಕ್ಷಣ ‘ಸರಿ, ಈಗ ಉತ್ತರ ಬರೆಯಿರಿ’ ಅಂದುಬಿಡುತ್ತಾರೆ. ಮಕ್ಕಳು ಪುಸ್ತಕದ ಸಾಲನ್ನೇ ಎತ್ತಿ ಬರೆಯುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಓದಿಗೂ ಬರಹಕ್ಕೂ ನಡುವೆ ಮಾತು ಇರಬೇಕು. ಅದಕ್ಕೆ ನಾವು ಜಾಗವನ್ನೇ ಕೊಟ್ಟಿಲ್ಲ.

ಹತ್ತನೇ ತರಗತಿಯ ಸಹಾಯಕ ಸೈನ್ಯ ಪದ್ಧತಿಯನ್ನೇ ತೆಗೆದುಕೊಳ್ಳಿ. 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ತಂದ ವ್ಯವಸ್ಥೆ, ದೇಶೀ ರಾಜರ ರಕ್ಷಣೆಗೆ ಕಂಪನಿಯ ಸೈನ್ಯ. ಷರತ್ತುಗಳನ್ನು ಒಂದು, ಎರಡು, ಮೂರು ಅಂತ ಉರು ಹೊಡೆಸುವುದು ನಮ್ಮ ವಾಡಿಕೆ. ಅದರ ಬದಲು ಬೋರ್ಡಿನ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ‘ರಾಜನಿಗೆ ಸಿಕ್ಕಿದ್ದು’, ಬಲಗಡೆ ‘ರಾಜ ಕಳೆದುಕೊಂಡಿದ್ದು’. ಮಕ್ಕಳು ಪ್ಯಾರಾದಲ್ಲಿ ಹುಡುಕಿ ಹೇಳಲಿ, ಒಂದೆರಡು ಪದದಲ್ಲಿ ನೀವು ಬರೆಯಿರಿ. ಎಡಗಡೆ ‘ರಕ್ಷಣೆ’ ಅಂತ ಒಂದೇ ಬರುತ್ತದೆ. ಬಲಗಡೆ ಸೈನ್ಯದ ಖರ್ಚು, ಆಸ್ಥಾನದಲ್ಲಿ ರೆಸಿಡೆಂಟ್ ಅಂದರೆ ಕಂಪನಿಯ ಪ್ರತಿನಿಧಿ, ಬೇರೆ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಕಂಪನಿಯನ್ನು ಕೇಳದೆ ಯಾರ ಜೊತೆಗೂ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ ಅಂತ ಪಟ್ಟಿ ಬೆಳೆಯುತ್ತದೆ. ಹಿಂದಿನ ಬೆಂಚಿನಿಂದ ‘ಹಾಗಾದ್ರೆ ಯಾಕ್ ಒಪ್ಕೊಂಡ್ರು ಸರ್?’ ಅಂತ ಪ್ರಶ್ನೆ ಬಂದರೆ ಪಾಠ ಅರ್ಧ ಆದ ಹಾಗೆ.

ಈಗ ಪುಸ್ತಕ ಮುಚ್ಚಿಸಿ. ಬ್ಯಾಗಿನೊಳಗೆ ಹೋಗಬೇಕು, ಮೇಜಿನ ಮೇಲೆ ಬೋರಲು ಹಾಕಿದರೆ ಸಾಲದು. ಇಬ್ಬಿಬ್ಬರು ಕೂತು ಐದು ನಿಮಿಷ ಪಕ್ಕದವರಿಗೆ ಇದನ್ನು ಹೇಳಲಿ. ಯಾವ ಮಾತಿನಲ್ಲಾದರೂ ಹೇಳಲಿ. ಕಲಬುರಗಿ ಕನ್ನಡವೋ, ಲಂಬಾಣಿಯೋ, ತುಳುವೋ, ಉರ್ದುವೋ, ಯಾವುದಾದರೂ ಸರಿ. ಮನೆಮಾತಿನಲ್ಲಿ ಬಾಯಿಗೆ ಬಂದದ್ದು ಕೈಗೂ ಬರುತ್ತದೆ. ಗಲಾಟೆ ಆಗುತ್ತದೆ, ಹೆಡ್‌ಮಾಸ್ಟರು ಬಾಗಿಲಲ್ಲಿ ಇಣುಕಬಹುದು. ಇಣುಕಲಿ ಬಿಡಿ.

ಆಮೇಲೆ ಬೋರ್ಡಿನ ಮೇಲೆ ಮೂರು ಪದ ಮಾತ್ರ ಬರೆಯಿರಿ: ಆದರೆ, ಆದ್ದರಿಂದ, ಯಾಕೆಂದರೆ. ಮೂರನ್ನೂ ಬಳಸಿ ನಾಲ್ಕು ವಾಕ್ಯ ಬರೆಯಬೇಕು, ಇದೊಂದೇ ನಿಯಮ. ಮೊದಲು ಹೀಗೆ ಬರುತ್ತದೆ: ‘ರಾಜನಿಗೆ ಸೈನ್ಯ ಸಿಕ್ತು. ಆದರೆ ಖರ್ಚು ಅವನೇ ಕೊಡಬೇಕು. ಆದ್ದರಿಂದ ಸಾಲ ಆಯ್ತು.’ ಇದನ್ನು ಹೊಡೆದು ಹಾಕಿ ಗ್ರಾಂಥಿಕ ವಾಕ್ಯ ಬರೆಸಿದಿರೋ, ಮಾಡಿದ್ದೆಲ್ಲ ನೀರುಪಾಲು. ಅದರ ಬದಲು ‘ಸಾಲ ತೀರಿಸೋಕೆ ಆಗದಿದ್ರೆ?’ ಅಂತ ಕೇಳಿ. ರಾಜ್ಯದ ಭಾಗ ಬಿಟ್ಟುಕೊಡಬೇಕಾಯಿತು ಅಂತ ಬರುತ್ತದೆ. 1801ರಲ್ಲಿ ಅವಧ್ ನವಾಬ ಅರ್ಧಕ್ಕಿಂತ ಜಾಸ್ತಿ ರಾಜ್ಯ ಬಿಟ್ಟುಕೊಟ್ಟದ್ದನ್ನು ಆಗ ಹೇಳಿ. ಮುಂಚೆ ಹೇಳಿದರೆ ಅದು ಇನ್ನೊಂದು ಇಸವಿ ಆಗುತ್ತದೆ, ಅಷ್ಟೇ. ‘ಸಿಕ್ತು’ ಅನ್ನುವುದು ‘ಸಿಕ್ಕಿತು’ ಆಗಲಿಕ್ಕೆ ಕೊನೆಯಲ್ಲಿ ಎರಡು ನಿಮಿಷ ಸಾಕು.

ಅಂದ ಹಾಗೆ, ಗೈಡುಗಳ ವಿಷಯ. ಪಾಸಿಂಗ್ ಪ್ಯಾಕೇಜ್ ಅಂತ ಪರೀಕ್ಷೆಗೆ ಮುಂಚೆ ಕೈಗೆ ಬರುವ ಹಾಳೆಗಳನ್ನು ನಾನು ದೂರುವುದಿಲ್ಲ, ಮುಳುಗುತ್ತಿರುವ ಮಗುವಿಗೆ ಅದೂ ಆಸರೆಯೇ. ಆದರೆ ಜೂನ್‌ನಿಂದಲೇ ಗೈಡ್ ಕೊಡಿಸುವ ಅಪ್ಪ-ಅಮ್ಮಂದಿರಿಗೆ ಹೇಳಬೇಕು: ದುಡ್ಡು ದಂಡ. ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಸಿಗುವ ಪ್ರಾಜೆಕ್ಟ್ ಇನ್ನೂ ದಂಡ.

ವಿಜ್ಞಾನದಲ್ಲಿ ಓದುವ ರೀತಿಯೇ ಬೇರೆ. ಅಲ್ಲಿ ಕ್ರಮ ಮುಖ್ಯ, ಪ್ರತಿ ಕೆಲಸಕ್ಕೂ ಕಾರಣ ಮುಖ್ಯ. ಎಲೆಯಲ್ಲಿ ಪಿಷ್ಟ ಇದೆಯಾ ಅಂತ ನೋಡುವ ಪ್ರಯೋಗ ಇದೆಯಲ್ಲ, ಅದರ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ ಕಲಸಿ ಕೊಡಿ. ಗಿಡವನ್ನು ಮೂರು ದಿನ ಕತ್ತಲಲ್ಲಿಡುವುದು, ಆರು ಗಂಟೆ ಬಿಸಿಲಲ್ಲಿಡುವುದು, ಎಲೆಯನ್ನು ನೀರಿನಲ್ಲಿ ಕುದಿಸುವುದು, ಆಲ್ಕೋಹಾಲಿನಲ್ಲಿ ಕುದಿಸುವುದು, ಅಯೋಡಿನ್ ಹಾಕುವುದು. ಜೋಡಿಸಿದ ಮೇಲೆ ಪ್ರತಿ ಚೀಟಿಯ ಮುಂದೆ ‘ಯಾಕೆ’ ಅಂತ ಒಂದು ಸಾಲು ಬರೆಯಲಿ. ಕತ್ತಲು ಯಾಕೆ? ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖಾಲಿಯಾಗಲಿ ಅಂತ. ಆಲ್ಕೋಹಾಲ್ ಯಾಕೆ? ಹಸಿರು ಬಣ್ಣ ಹೋಗದಿದ್ದರೆ ಅಯೋಡಿನ್‌ನ ಕಡುನೀಲಿ ಕಾಣುವುದಿಲ್ಲ. ಆಲ್ಕೋಹಾಲಿನ ಬೀಕರನ್ನು ಬೆಂಕಿಯ ಮೇಲೆ ನೇರ ಇಡದೆ ಬಿಸಿನೀರಿನಲ್ಲಿ ಇಡುವುದು ಯಾಕೆ? ಇದಕ್ಕೆ ಉತ್ತರ ಬರೆದವನು ಲ್ಯಾಬಿಗೆ ಬೆಂಕಿ ಹಚ್ಚುವುದಿಲ್ಲ.

ಗಣಿತದಲ್ಲಿ ಒಂದು ಅಡ್ಡದಾರಿ ಎಲ್ಲ ಕಡೆ ನಡೆಯುತ್ತಿದೆ: ‘ಜಾಸ್ತಿ’ ಅಂತ ಕಂಡರೆ ಕೂಡು, ‘ಕಡಿಮೆ’ ಅಂತ ಕಂಡರೆ ಕಳೆ. ಇದನ್ನು ಕಲಿಸಲೇಬೇಡಿ. ‘ರಾಜುವಿನ ಬಳಿ 8 ಮಾವಿನಹಣ್ಣಿವೆ. ಇದು ಗೀತಾ ಬಳಿ ಇರುವುದಕ್ಕಿಂತ 3 ಜಾಸ್ತಿ. ಗೀತಾ ಬಳಿ ಎಷ್ಟಿವೆ?’ ಅಂತ ಕೇಳಿ. ಅರ್ಧ ಕ್ಲಾಸು 11 ಅನ್ನುತ್ತದೆ. ಲೆಕ್ಕವನ್ನು ಮೊದಲ ಸಲ ಬೋರ್ಡಿಗೆ ಹಾಕುವಾಗ ಅಂಕಿಗಳನ್ನೇ ಬರೆಯಬೇಡಿ, ಆ ಜಾಗ ಖಾಲಿ ಬಿಡಿ. ಯಾರ ಬಳಿ ಜಾಸ್ತಿ ಇದೆ ಅಂತ ಮಕ್ಕಳು ಬಾಯಲ್ಲಿ ಹೇಳಿದ ಮೇಲೆ 8 ಮತ್ತು 3 ತುಂಬಿ. ಉತ್ತರವನ್ನೂ ಬರೀ ‘5’ ಅಂತ ಬಿಡದೆ ‘ಗೀತಾ ಬಳಿ 5 ಹಣ್ಣಿವೆ’ ಅಂತ ಬರೆಸಿ. ಬರೆದ ವಾಕ್ಯವನ್ನು ಪ್ರಶ್ನೆಯ ಜೊತೆ ಇಟ್ಟು ಓದಿಕೊಂಡರೆ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಇದೆಲ್ಲ ದಿನಾ ಮಾಡಿದರೆ ಪೋರ್ಷನ್ ಮುಗಿಯುವುದಿಲ್ಲ, ನಿಜ. ವಾರಕ್ಕೆ ಒಂದು ಪೀರಿಯಡ್ ಸಾಕು, ತಪ್ಪಿಸಬಾರದು.

ತಿದ್ದುವಾಗ ಒಂದು ನೋಟ್ಸಿನಲ್ಲಿ ಎರಡೇ ಗುರುತು ಹಾಕಿ: ಕಾರಣ ಬಿಟ್ಟುಹೋದ ಕಡೆ ಒಂದು, ಪಾಠದ ಮುಖ್ಯ ಪದ ತಪ್ಪಾದ ಕಡೆ ಒಂದು. ಅಲ್ಪಪ್ರಾಣ-ಮಹಾಪ್ರಾಣಕ್ಕೆಲ್ಲ ಕೆಂಪು ಸುರಿದರೆ ಮುಂದಿನ ವಾರ ಆ ಮಗು ಮತ್ತೆ ಗೈಡಿನಿಂದಲೇ ಇಳಿಸುತ್ತದೆ. ಫೇರ್ ಕಾಪಿ ಬರೆಸಬೇಡಿ. ಇನ್ಸ್‌ಪೆಕ್ಷನ್‌ಗೆ ಬಂದವರು ಕೇಳಿದರೆ ಹೊಡೆದು ಹಾಕಿದ ಸಾಲುಗಳಿರುವ ಪುಟವನ್ನೇ ತೋರಿಸಿ.