ಕಲ್ಲಿನ ಅಕ್ಷರ ನೋಡಿ ಕಾಲ ಗುರುತಿಸುವ ಬಗೆ

ಕೆರೆಯ ಏರಿಯ ಮೇಲೋ, ಗುಡಿಯ ಜಗಲಿಯ ಪಕ್ಕದಲ್ಲೋ, ಹೊಲದ ಬದುವಿನಲ್ಲೋ ನಿಂತಿರುವ ಬರಹದ ಕಲ್ಲನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ಅದು ಯಾವ ಕಾಲದ್ದು ಎಂಬುದು. ಕಲ್ಲಿನಲ್ಲಿಯೇ ಶಕವರ್ಷವಿದ್ದರೆ ಉತ್ತರ ಅಲ್ಲಿಯೇ ಸಿಗುತ್ತದೆ. ಆದರೆ ನಮ್ಮ ಊರುಗಳ ವೀರಗಲ್ಲುಗಳಲ್ಲಿಯೂ ಸಣ್ಣ ದಾನಶಾಸನಗಳಲ್ಲಿಯೂ ಎಷ್ಟೋ ಕಡೆ ತೇದಿಯೇ ಇರುವುದಿಲ್ಲ. ಇದ್ದರೂ ಆ ಸಾಲು ಒಡೆದೋ ಸವೆದೋ ಹೋಗಿರುತ್ತದೆ. ಆಗ ಉಳಿಯುವುದು ಎರಡೇ ಸಾಕ್ಷಿಗಳು: ಅಕ್ಷರದ ರೂಪ ಮತ್ತು ಮಾತಿನ ರೂಪ. ಎರಡೂ ನೂರಾರು ವರ್ಷಗಳ ಅವಧಿಯಲ್ಲಿ ಬಹಳ ನಿಧಾನವಾಗಿ ಬದಲಾಗಿವೆ, ಮತ್ತು ಆ ಬದಲಾವಣೆಯ ಹೆಜ್ಜೆಗಳನ್ನು ಸ್ವಲ್ಪ ಅಭ್ಯಾಸ ಮಾಡಿದ ಯಾರು ಬೇಕಾದರೂ ಗುರುತಿಸಬಹುದು. ವಿದ್ವಾಂಸರ ಕೆಲಸವನ್ನು ಈ ಅಭ್ಯಾಸವು ತುಂಬಿಕೊಡಲಾರದು. ಆದರೆ ಊರಿನ ಕಲ್ಲು ಸುಮಾರು ಯಾವ ಶತಮಾನದ್ದು ಎಂದು ಆಧಾರಸಹಿತವಾಗಿ ಹೇಳುವಷ್ಟು ತಿಳಿವಳಿಕೆಯನ್ನು ಖಂಡಿತ ಕೊಡುತ್ತದೆ.

ಮೊದಲು ಕಲ್ಲನ್ನು ಓದಲು ಸಿದ್ಧಪಡಿಸಿಕೊಳ್ಳಬೇಕು. ಮೆತ್ತನೆಯ ಬ್ರಶ್ಶು ಮತ್ತು ಶುದ್ಧ ನೀರು ಇದಕ್ಕೆ ಸಾಕು. ತಂತಿಯ ಬ್ರಶ್ಶು, ಆ್ಯಸಿಡ್, ಸೋಪಿನ ಪುಡಿ ಇವುಗಳನ್ನು ಮುಟ್ಟಲೇಬಾರದು. ಸಾವಿರ ವರ್ಷ ಮಳೆಬಿಸಿಲಿಗೆ ಅಳಿಯದ ಗೆರೆ ಒಂದು ದಿನದ ಅವಸರದ ಉಜ್ಜಾಟಕ್ಕೆ ಅಳಿದುಹೋಗುತ್ತದೆ. ಅಕ್ಷರಗಳ ಮೇಲೆ ಬಣ್ಣ ತುಂಬುವುದೂ ತಪ್ಪು, ಏಕೆಂದರೆ ಬಣ್ಣ ತುಂಬುವವನು ತನಗೆ ಕಂಡ ಗೆರೆಯನ್ನು ತುಂಬುತ್ತಾನೆಯೇ ಹೊರತು ಕೆತ್ತಿದವನ ಗೆರೆಯನ್ನಲ್ಲ. ಅದಕ್ಕಿಂತ ಬೆಳಕನ್ನು ನಂಬುವುದು ಒಳ್ಳೆಯದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಕಲ್ಲಿನ ಒಂದು ಬದಿಯಿಂದ ಟಾರ್ಚ್ ಹಿಡಿದು ನೋಡಿದರೆ, ನಡುಹಗಲಿನಲ್ಲಿ ಬರಿಯ ಒರಟು ಮೈಯಾಗಿ ಕಂಡದ್ದು ಸಾಲುಸಾಲಾಗಿ ಅಕ್ಷರವಾಗಿ ಎದ್ದು ಬರುತ್ತದೆ. ಬೆಳಕಿನ ದಿಕ್ಕನ್ನು ಬದಲಿಸುತ್ತ ಒಂದೇ ಸಾಲಿನ ನಾಲ್ಕಾರು ಫೋಟೋಗಳನ್ನು ತೆಗೆದುಕೊಳ್ಳಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ವಿಧಾನವನ್ನು ಬಲ್ಲವರಿಂದಲೇ ಕಲಿಯಬೇಕು. ಅನುಭವವಿಲ್ಲದೆ ಅದಕ್ಕೆ ಕೈಹಾಕಬಾರದು.

ಮುಂದಿನ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಕಲ್ಲನ್ನು ಬೇರೆ ಯಾರಾದರೂ ಆಗಲೇ ಓದಿದ್ದಾರೆಯೇ ಎಂದು ನೋಡಬೇಕು. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಮುದ್ರಿಸಿವೆ. ಅವುಗಳ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಿದೆ. ನಿಮ್ಮ ಊರಿನ ಹೆಸರು ಅಲ್ಲಿ ಸಿಕ್ಕರೆ ಕೆಲಸ ಮುಗಿಯಿತೆಂದುಕೊಳ್ಳಬಾರದು, ಅದೇ ನಿಮಗೆ ಒಳ್ಳೆಯ ಪಾಠಶಾಲೆಯಾಗುತ್ತದೆ. ಮುದ್ರಿತ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ಕುಳಿತು ಒಂದೊಂದೇ ಅಕ್ಷರವನ್ನು ಹೊಂದಿಸಿ ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸ ಬೇರೊಂದಿಲ್ಲ.

ಅಕ್ಷರದ ಬೆಳವಣಿಗೆಯನ್ನು ತಿಳಿಯಲು ಒಂದು ನೋಟ್‌ಪುಸ್ತಕ ಮಾಡಿಕೊಳ್ಳಬೇಕು. ಒಂದು ಪುಟಕ್ಕೆ ಒಂದು ಅಕ್ಷರ. ಆ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಕಾಲಕ್ರಮದಲ್ಲಿ ಆ ಅಕ್ಷರದ ರೂಪಗಳು. ಮಾದರಿಗಾಗಿ ಕಾಲ ಗೊತ್ತಿರುವ ಶಾಸನಗಳ ಚಿತ್ರಗಳನ್ನೇ ಆರಿಸಿಕೊಳ್ಳಬೇಕು. ಕ್ರಿಸ್ತಪೂರ್ವ 3ನೆಯ ಶತಮಾನಕ್ಕೆ ಬ್ರಹ್ಮಗಿರಿಯ ಅಥವಾ ಮಸ್ಕಿಯ ಅಶೋಕನ ಶಾಸನ, ಸುಮಾರು ಕ್ರಿ.ಶ. 450ಕ್ಕೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಶಕ 500 ಅಂದರೆ ಕ್ರಿ.ಶ. 578ಕ್ಕೆ ಬಾದಾಮಿಯ ಮೂರನೆಯ ಗುಹೆಯ, ಚಾಲುಕ್ಯ ವಂಶದ ಮಂಗಳೇಶನ ಶಾಸನ, 10ನೆಯ ಶತಮಾನಕ್ಕೆ ಆತಕೂರಿನ ಕಲ್ಲು, 1117ಕ್ಕೆ ಬೇಲೂರಿನ ಚೆನ್ನಕೇಶವ ದೇವಾಲಯದ ವಿಷ್ಣುವರ್ಧನನ ಶಾಸನ, 16ನೆಯ ಶತಮಾನದ ಆರಂಭಕ್ಕೆ ಹಂಪಿಯ ವಿರೂಪಾಕ್ಷ ದೇವಾಲಯದ ಕೃಷ್ಣದೇವರಾಯನ ಶಾಸನ. ಇಷ್ಟು ಮೆಟ್ಟಿಲುಗಳಿದ್ದರೆ ನಡುವಿನ ಅಂತರವನ್ನು ಕಣ್ಣೇ ತುಂಬಿಕೊಳ್ಳುತ್ತದೆ.

ಎಲ್ಲ ಅಕ್ಷರಗಳೂ ಸಮಾನವಾಗಿ ಬದಲಾಗಿಲ್ಲ. ಕನ್ನಡ ಲಿಪಿಯ ಮೂಲವಾದ, ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯಲ್ಲಿ ‘ಠ’ ಒಂದು ವೃತ್ತ. ಇಂದಿನ ಕನ್ನಡದ ‘ಠ’ದಲ್ಲಿಯೂ ಆ ವೃತ್ತ ಉಳಿದಿದೆ, ಆದ್ದರಿಂದ ಕಾಲ ನಿರ್ಣಯಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ‘ಕ’ ಮತ್ತು ‘ರ’ ಹಾಗಲ್ಲ. ಬ್ರಾಹ್ಮಿಯ ‘ಕ’ ಕೂಡಿಸುವ ಚಿಹ್ನೆಯಂತೆ ಎರಡು ಗೆರೆಗಳ ಅಡ್ಡಹಾಯಿಕೆ, ‘ರ’ ಒಂದೇ ನಿಲುವುಗೆರೆ. ದಕ್ಷಿಣದ ಲಿಪಿಕಾರರ ಕೈಯಲ್ಲಿ ಇವೆರಡರ ನಿಲುವುಗೆರೆಯೂ ಕೆಳಗೆ ಇಳಿದು, ಎಡಕ್ಕೆ ಬಾಗಿ, ಮೇಲಕ್ಕೆ ತಿರುಗಿತು. ಮೊದಲು ಸಣ್ಣ ಕೊಕ್ಕೆಯಷ್ಟಿದ್ದ ಈ ತಿರುವು ಬಾದಾಮಿ ಚಾಲುಕ್ಯರ ಕಾಲಕ್ಕೆ ಬಂದಾಗ ಜೊತೆಗೆರೆಯಾಗಿ ನಿಂತಿತು. ಮುಂದಿನ ಶತಮಾನಗಳಲ್ಲಿ ಆ ಎರಡು ಗೆರೆಗಳ ನಡುವಿನ ಜಾಗ ಅಗಲವಾಗುತ್ತ, ಮೇಲ್ತುದಿ ಕೂಡಿಕೊಳ್ಳುತ್ತ, ಇಂದು ನಾವು ಬರೆಯುವ ದುಂಡು ‘ರ’ ಮೂಡಿತು. ಒಂದು ಕಲ್ಲಿನ ‘ರ’ ಇನ್ನೂ ನೀಳವಾಗಿ ನಿಂತಿದೆಯೋ, ಮೊಟ್ಟೆಯಂತೆ ದುಂಡಾಗಿ ಮುಚ್ಚಿಕೊಂಡಿದೆಯೋ ಎಂಬುದನ್ನು ಮೊದಲು ನೋಡಿದರೆ ಅರ್ಧ ದಾರಿ ಸಾಗಿದಂತೆ.

‘ಬ’ ಇನ್ನೊಂದು ಒಳ್ಳೆಯ ಪರೀಕ್ಷೆಯ ಅಕ್ಷರ. ಬ್ರಾಹ್ಮಿಯಲ್ಲಿ ಅದು ಚೌಕ. ಬಹುಕಾಲ ಮುಚ್ಚಿದ ಪೆಟ್ಟಿಗೆಯಂತೆಯೇ ಉಳಿದು, ಅನಂತರ ಮೇಲ್ಭಾಗದಲ್ಲಿ ತೆರೆದುಕೊಂಡಿತು. ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಖ, ಜ, ಬ, ಲ ಮೊದಲಾದ ಕೆಲವು ಅಕ್ಷರಗಳನ್ನು ಕಾಲದ ಒರೆಗಲ್ಲಾಗಿ ಆರಿಸಿಕೊಂಡು, ಅವುಗಳ ಹಳೆಯ ಚೌಕ ರೂಪಕ್ಕೆ ಬದಲಾಗಿ ಹೊಸ ಬಾಗುರೂಪ ಸುಮಾರು 9ನೆಯ ಶತಮಾನದಿಂದ ನೆಲೆಗೊಂಡಿತೆಂದು ತೋರಿಸಿದರು. ಹೀಗಾಗಿ ರಾಷ್ಟ್ರಕೂಟರ ಕಾಲದ ಕಲ್ಲುಗಳನ್ನು ನೋಡುವಾಗ ಈ ನಾಲ್ಕು ಅಕ್ಷರಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಗೆರೆಗಳು ಹೀಗೆ ದುಂಡಾಗಲು ಓಲೆಗರಿಯ ಬರವಣಿಗೆಯೂ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಕಬ್ಬಿಣದ ಮೊನೆಯಿಂದ ಎಳೆಯ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಬಾಗಿಸಿದರೆ ಸೀಳುವುದಿಲ್ಲ. 11, 12ನೆಯ ಶತಮಾನಗಳ ಕಲ್ಯಾಣ ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳಲ್ಲಿ ಈ ದುಂಡುತನ ತನ್ನ ಪೂರ್ಣ ಸೊಗಸನ್ನು ಮುಟ್ಟಿತು ಎಂಬುದು ನನ್ನ ಎಣಿಕೆ. ಮುತ್ತು ಪೋಣಿಸಿದಂತಿರುವ ಆ ಸಾಲುಗಳನ್ನು ಇಂದಿನ ಓದುಗರೂ ಸ್ವಲ್ಪ ಪ್ರಯತ್ನದಿಂದ ಓದಬಲ್ಲರು.

ಇನ್ನು ಮಾತಿನ ಸಾಕ್ಷಿ. ಬಾದಾಮಿಯ ಗುಹೆಯಲ್ಲಿ ಮಂಗಳೇಶನ ಒಂದು ಚಿಕ್ಕ ಕನ್ನಡ ಶಾಸನವೂ ಇದೆ. ‘ಮಂಗಲೀಸನಾ ಕಲ್ಮನೆಗೆ ಇತ್ತೊದು ಲಂಜಿಗೇಸರಂ’ ಎನ್ನುತ್ತದೆ ಅದು. ಮಂಗಳೇಶನ ಕಲ್ಲಿನ ಮನೆಗೆ, ಅಂದರೆ ಗುಹಾಲಯಕ್ಕೆ, ಲಂಜಿಗೇಸರವೆಂಬ ಊರನ್ನು ಕೊಟ್ಟದ್ದು ಎಂದು ಅರ್ಥ. ಇಲ್ಲಿ ಷಷ್ಠಿಯ ಪ್ರತ್ಯಯ ‘ಆ’ ಎಂದು ದೀರ್ಘವಾಗಿದೆ, ‘ಕಲ್’ ಎಂಬುದು ಇನ್ನೂ ‘ಕಲ್ಲು’ ಆಗಿಲ್ಲ. ಹಲ್ಮಿಡಿಯಲ್ಲಿ ‘ಕೊಟ್ಟಾರ್’ ಎಂದಿರುವುದು ಮುಂದೆ ‘ಕೊಟ್ಟರ್’ ಆಗಿ, ನಡುಗನ್ನಡದಲ್ಲಿ ‘ಕೊಟ್ಟರು’ ಆಯಿತು. ದೀರ್ಘ ಪ್ರತ್ಯಯಗಳು ಹೆಚ್ಚಾಗಿ ಕಂಡರೆ 8ನೆಯ ಶತಮಾನದ ಹಿಂದಕ್ಕೆ, ವ್ಯಂಜನದಲ್ಲಿ ಮುಗಿಯುವ ಪದಗಳು ಹ್ರಸ್ವ ಪ್ರತ್ಯಯಗಳೊಡನೆ ಬಂದರೆ ಹಳಗನ್ನಡದ ಕಾಲಕ್ಕೆ, ಕಾಲು, ಕಣ್ಣು, ಕೊಟ್ಟರು ಎಂಬಂತೆ ಕೊನೆಗೆ ಉಕಾರ ಸೇರಿಕೊಂಡಿದ್ದರೆ ಅದರಿಂದ ಈಚೆಗೆ ಕಲ್ಲನ್ನು ಇಟ್ಟು ನೋಡಬೇಕು.

ಪಕಾರ ಹಕಾರವಾದದ್ದು ಎಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವ ಗುರುತು. ಇಂದಿನ ಹಲ್ಮಿಡಿ ತನ್ನ ಶಾಸನದಲ್ಲಿ ‘ಪಲ್ಮಡಿ’. ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತ 8ನೆಯ ಶತಮಾನದ ಕಿತ್ತಯನ ವೀರಗಲ್ಲಿನಲ್ಲಿ ಆ ಸೀಮೆ ‘ಪೆರ್ಬ್ಬೊಳಲ್ ನಾಡು’. ಪಾಲ್, ಪುಲಿ, ಪೊನ್ ಎಂಬವು ಹಾಲು, ಹುಲಿ, ಹೊನ್ನು ಆಗತೊಡಗಿದ್ದು ಸುಮಾರು 10ನೆಯ ಶತಮಾನದಲ್ಲಿ. ಆದರೆ ಬದಲಾವಣೆ ಎಲ್ಲ ಊರಿಗೂ ಎಲ್ಲ ಪದಕ್ಕೂ ಒಟ್ಟಿಗೆ ಬರಲಿಲ್ಲ. ಎರಡು ಮೂರು ಶತಮಾನಗಳ ಕಾಲ ಒಂದೇ ಕಲ್ಲಿನಲ್ಲಿ ಪಕಾರದ ಪದವೂ ಹಕಾರದ ಪದವೂ ಅಕ್ಕಪಕ್ಕದಲ್ಲಿ ಸಿಗುತ್ತವೆ. ಮಾತಿನಲ್ಲಿ ಹಕಾರ ಬಂದಮೇಲೂ ಲಿಪಿಕಾರರು ಕಲಿತ ಬರಹದ ಗೌರವಕ್ಕಾಗಿ ಪಕಾರವನ್ನು ಉಳಿಸಿಕೊಂಡರು. ಹಾಗಾಗಿ ಪಕಾರವಿದೆ ಎಂಬ ಒಂದೇ ಕಾರಣಕ್ಕೆ ಕಲ್ಲು ಹಳೆಯದೆನ್ನಬಾರದು. ಅಲ್ಲೊಂದು ಇಲ್ಲೊಂದು ಹಕಾರ ನುಸುಳಿದ್ದರೆ ಅದೇ ಹೆಚ್ಚು ನಂಬತಕ್ಕ ಸಾಕ್ಷಿ.

ಈಗ ಬಳಕೆಯಲ್ಲಿಲ್ಲದ ಱ ಮತ್ತು ೞ ಎಂಬ ಎರಡು ಅಕ್ಷರಗಳನ್ನೂ ಹುಡುಕಬೇಕು. ಕೆಱೆ, ಆಱು ಎಂಬಲ್ಲಿ ಮೊದಲನೆಯದು, ಮೞೆ, ಏೞ್, ಬಾೞ್ ಎಂಬಲ್ಲಿ ಎರಡನೆಯದು. ೞಕಾರ ಮೊದಲು ಹೋಯಿತು. ಕೆಲವು ಕಡೆ ಳಕಾರದಲ್ಲಿ ಸೇರಿ ‘ಮಳೆ’ ಆಯಿತು, ಕೆಲವು ಕಡೆ ಮುಂದಿನ ವ್ಯಂಜನದಲ್ಲಿ ಕರಗಿ ‘ಕೞ್ತೆ’ ‘ಕತ್ತೆ’ಯಾಯಿತು. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಆ ವೇಳೆಗೆ ಕಿವಿಯಿಂದ ಅದನ್ನು ಗುರುತಿಸುವುದು ಜನರಿಗೆ ಕಷ್ಟವಾಗಿತ್ತು ಎಂದೇ ಅರ್ಥ. ಕಲ್ಲಿನಲ್ಲಿ ೞ ಸರಿಯಾದ ಸ್ಥಳಗಳಲ್ಲೆಲ್ಲ ಇದ್ದರೆ ಹಳೆಯ ಕಾಲ. ೞ ಇರಬೇಕಾದಲ್ಲಿ ಳ ಬಂದು, ಳ ಇರಬೇಕಾದಲ್ಲಿ ೞ ಬಂದಿದ್ದರೆ ಬಳಕೆ ತಪ್ಪುತ್ತಿದ್ದ ಕಾಲ. ಱಕಾರ ಬರಹದಲ್ಲಿ ಇನ್ನೂ ಬಹುಕಾಲ ಉಳಿಯಿತಾದ್ದರಿಂದ ಅದು ಅಷ್ಟು ನಿಖರವಾದ ಗುರುತಲ್ಲ. ‘ಧರ್ಮ್ಮ’, ‘ಕೀರ್ತ್ತಿ’ ಎಂದು ರೇಫದ ಮುಂದೆ ಒತ್ತಕ್ಷರ ಬರೆಯುವ ಪದ್ಧತಿಯೂ ಹಾಗೆಯೇ. ಅದು ಶತಮಾನಗಳ ಉದ್ದಕ್ಕೂ ಇತ್ತು. ಎ ಮತ್ತು ಏ, ಒ ಮತ್ತು ಓ ಇವುಗಳ ವ್ಯತ್ಯಾಸವನ್ನು ಹಳೆಯ ಬರಹ ಗುರುತಿಸುತ್ತಿರಲಿಲ್ಲ ಎಂಬುದು ನೆನಪಿರಲಿ, ಇಲ್ಲವಾದರೆ ಊರ ಹೆಸರನ್ನೇ ತಪ್ಪಾಗಿ ಓದುವಿರಿ.

ತೇದಿಯಿರುವ ಕಲ್ಲು ಸಿಕ್ಕಿದಾಗಲೂ ಲೆಕ್ಕ ಸರಿನೋಡಬೇಕು. ಆತಕೂರಿನ ಕಲ್ಲು ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತ ಸಂಗತಿಯನ್ನು ಹೇಳುವ ಪ್ರಸಿದ್ಧ ಶಾಸನ. ಅದರಲ್ಲಿ ಶಕವರ್ಷ 872, ಸೌಮ್ಯ ಸಂವತ್ಸರ ಎಂದಿದೆ. ಶಕಕ್ಕೆ 78 ಕೂಡಿಸಿದರೆ 950 ಬರುತ್ತದೆ. ಆದರೆ ಸಂವತ್ಸರವನ್ನು ಎಣಿಸಿ ನೋಡೋಣ: ಕಳೆದ, ಅಂದರೆ ಪೂರ್ತಿ ಮುಗಿದ, ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಸೌಮ್ಯ 43ನೆಯದು. 872ಕ್ಕೆ 12 ಕೂಡಿಸಿ ಭಾಗಿಸಿದರೆ ಶೇಷ 44, 871ಕ್ಕೆ ಕೂಡಿಸಿದರೆ 43. ಆದ್ದರಿಂದ ಶಾಸನವು ನಡೆಯುತ್ತಿದ್ದ ವರ್ಷವನ್ನು ಎಣಿಸಿದೆ, ಅದರ ಕಾಲ 949-50. ಶಕದ ಬದಲು ‘ಚಾಲುಕ್ಯ ವಿಕ್ರಮ ವರ್ಷ’ ಎಂದಿದ್ದರೆ ಅದು ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಆರಂಭಿಸಿದ ಎಣಿಕೆ. ಕೊಟ್ಟ ಸಂಖ್ಯೆಗೆ 1075 ಕೂಡಿಸಬೇಕು.

ಒಂದು ಎಚ್ಚರಿಕೆಯನ್ನು ನನ್ನ ಅನುಭವದಿಂದಲೇ ಹೇಳಬೇಕು. ಕೆರೆಯೊಂದರ ತೂಬಿನ ಬಳಿ ಅರ್ಧ ಹೂತಿದ್ದ ಕಲ್ಲಿನ ಅಕ್ಷರಗಳು ಕೋನಕೋನವಾಗಿ, ಸಾಲು ತಪ್ಪಿ, ಒರಟಾಗಿದ್ದುದನ್ನು ಕಂಡು ಅದು ಗಂಗರ ಕಾಲದ್ದೆಂದು ನಾನು ತೀರ್ಮಾನಿಸಿದ್ದೆ. ಇನ್ನೊಂದು ಸಂಜೆ ಓರೆ ಬೆಳಕಿನಲ್ಲಿ ಮತ್ತೆ ಕುಳಿತಾಗ ‘ಹಳ್ಳಿಯ’ ಎಂಬುದೂ ‘ಕೊಟ್ಟರು’ ಎಂಬುದೂ ಸ್ಪಷ್ಟವಾಗಿ ಕಂಡವು. ಕಲ್ಲು ವಿಜಯನಗರದ ಕಾಲದ್ದು. ಕೆತ್ತಿದವನು ಪಳಗಿದ ರೂವಾರಿಯಾಗಿರಲಿಲ್ಲ, ಅಷ್ಟೆ. ಒರಟುತನವನ್ನು ಹಳಮೆಯೆಂದು ಎಣಿಸುವ ತಪ್ಪು ಬಹಳ ಸಾಮಾನ್ಯ. ದುಂಡು ಗೆರೆಯನ್ನು ಗಟ್ಟಿ ಕರಿಗಲ್ಲಿನಲ್ಲಿ ಕೆತ್ತುವುದು ಕಷ್ಟವಾದ್ದರಿಂದ ಎಷ್ಟೋ ಈಚಿನ ಶಾಸನಗಳೂ ಕೋನಾಕಾರವಾಗಿ ಕಾಣುತ್ತವೆ. ಅಕ್ಷರದ ಅಂದವನ್ನಲ್ಲ, ಅದರ ಕಟ್ಟನ್ನು ನೋಡಬೇಕು: ಎಷ್ಟು ಗೆರೆ, ಎಲ್ಲಿ ಕೂಡಿದೆ, ಎಲ್ಲಿ ತೆರೆದಿದೆ.

ಇಷ್ಟನ್ನೂ ನೋಡಿದ ಮೇಲೆ ನೋಟ್‌ಪುಸ್ತಕದಲ್ಲಿ ತೀರ್ಮಾನವನ್ನು ಬರೆಯುವಾಗ ಆಧಾರಗಳನ್ನೂ ಜೊತೆಗೇ ಬರೆಯಬೇಕು. ‘ಸುಮಾರು 12ನೆಯ ಶತಮಾನ, ರಕಾರ ದುಂಡಾಗಿ ಮುಚ್ಚಿದೆ, ಬಕಾರ ತೆರೆದಿದೆ, ಪಕಾರ ಐದು ಕಡೆ, ಹಕಾರ ಎರಡು ಕಡೆ, ೞ ಇಲ್ಲ’ ಎಂಬಂತೆ. ಒಂದೇ ಗುರುತನ್ನು ನಂಬಿ ಬರೆದ ತೀರ್ಮಾನವನ್ನು ಪ್ರಶ್ನೆಯ ಚಿಹ್ನೆಯೊಡನೆ ಇಡಬೇಕು, ಮತ್ತು ಅಕ್ಷರದ ಆಧಾರದಿಂದ ಮಾತ್ರ ಹೇಳುವಾಗ ಶತಮಾನಕ್ಕಿಂತ ಸಣ್ಣ ಅವಧಿಯನ್ನು ಹೇಳಲು ಹೋಗಬಾರದು. ಕಲ್ಲು ಇರುವ ಸ್ಥಳ, ಅಳತೆ, ಮುಖ ಮಾಡಿರುವ ದಿಕ್ಕು, ಒಡೆದ ಭಾಗ ಇವನ್ನು ಫೋಟೋಗಳ ಜೊತೆ ಸೇರಿಸಿ ಒಂದು ಪ್ರತಿಯನ್ನು ರಾಜ್ಯ ಪುರಾತತ್ತ್ವ ಇಲಾಖೆಗೆ ಕಳಿಸಬೇಕು, ಇನ್ನೊಂದನ್ನು ಊರಿನ ಶಾಲೆಯಲ್ಲಿ ಇಡಬೇಕು. ಕಲ್ಲನ್ನು ಮಾತ್ರ ಕದಲಿಸದೆ, ನಿಂತಲ್ಲಿಯೇ ಬಿಡಬೇಕು.