ಮಕ್ಕಳ ದಂತ ಕ್ಲಿನಿಕ್‌ಗೆ ಕ್ಲಿಪ್ ಚಿಕಿತ್ಸೆ ಸೇರಿಸುವುದು ಹೇಗೆ?

ಮಕ್ಕಳ ದಂತ ಕ್ಲಿನಿಕ್ ನಡೆಸುವ ವೈದ್ಯರು ವಕ್ರದಂತ ಚಿಕಿತ್ಸೆಯನ್ನೂ, ಅಂದರೆ ಕ್ಲಿಪ್ ಹಾಕಿ ಹಲ್ಲು ಸರಿಪಡಿಸುವುದನ್ನೂ, ಸೇರಿಸಿಕೊಳ್ಳಲು ಹೊರಟಾಗ ಸಾಮಾನ್ಯವಾಗಿ ಮೊದಲು ಕೊಳ್ಳುವುದು ಬ್ರಾಕೆಟ್ ಕಿಟ್. ಬ್ರಾಕೆಟ್ ಎಂದರೆ ವೈರ್ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕು. ವಾರಾಂತ್ಯದ ಕೋರ್ಸ್ ಮುಗಿಯುತ್ತದೆ, ಪ್ರಮಾಣಪತ್ರ ಗೋಡೆ ಏರುತ್ತದೆ, ಮರುವಾರವೇ ಒಂಬತ್ತು ವರ್ಷದ ಮಗುವಿನ ಬಾಯಿಗೆ ವೈರ್ ಬೀಳುತ್ತದೆ. ನಾನು ವಕ್ರದಂತ ತಜ್ಞೆಯಾಗಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕ್ಲಿನಿಕ್‌ಗಳಿಗೆ ಹೋಗಿಬರುತ್ತೇನೆ. ವರ್ಷಗಟ್ಟಲೆ ಕ್ಲಿಪ್ ಹೊತ್ತು, ಹಲ್ಲಿನ ಮೇಲೆ ಬಿಳಿ ಕಲೆ ಮೂಡಿಸಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಬೇಕಾದ ಸ್ಥಿತಿಯಲ್ಲಿ ಬರುವ ಮಕ್ಕಳನ್ನು ಕಂಡಾಗ ಸಂಕಟವಾಗುತ್ತದೆ. ವೈರ್ ಕಟ್ಟುವುದನ್ನು ಕೈ ಬೇಗ ಕಲಿಯುತ್ತದೆ. ಯಾರಿಗೆ ಈಗ ಕಟ್ಟಬೇಕು, ಯಾರನ್ನು ಕಾಯಿಸಬೇಕು ಎಂದು ತೀರ್ಮಾನಿಸುವುದೇ ಕಷ್ಟದ ಭಾಗ.

1. ಯಾರು ಮಾಡುತ್ತಾರೆ ಎಂದು ಗೊತ್ತುಮಾಡಿ

ತಿಂಗಳಿಗೆ ಎರಡು ಶನಿವಾರ ಬರುವ ತಜ್ಞರೊಬ್ಬರನ್ನು ಹಿಡಿಯಿರಿ. ವಕ್ರದಂತ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಎಂದರೆ ಮೂರು ವರ್ಷದ ಓದು. ಮೂರು ದಿನದ ತರಬೇತಿ ಅದರ ಬದಲಿಯಲ್ಲ. ಆದರೆ ಬಂದುಹೋಗುವ ತಜ್ಞರಿಗೆ ಎಲ್ಲವನ್ನೂ ಒಪ್ಪಿಸಿ ಕೈತೊಳೆದುಕೊಳ್ಳುವುದೂ ತಪ್ಪು. ಮಂಗಳವಾರ ರಾತ್ರಿ ವೈರ್ ಕೆನ್ನೆಗೆ ಚುಚ್ಚಿದರೆ ಮಗು ಬರುವುದು ನಿಮ್ಮ ಬಾಗಿಲಿಗೇ. ಸಡಿಲಾದ ಬ್ರಾಕೆಟ್ ತೆಗೆಯುವುದು, ವೈರಿನ ತುದಿ ಕತ್ತರಿಸುವುದು, ಮೇಣ ಹಚ್ಚುವುದು ನಿಮಗೂ ನಿಮ್ಮ ಸಹಾಯಕಿಗೂ ಬರಬೇಕು. ಅಂಥ ಭೇಟಿಗೆ ಶುಲ್ಕ ಯಾರಿಗೆ, ಎಷ್ಟು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

2. ಯಂತ್ರ, ಪರವಾನಗಿ

ಇಡೀ ದವಡೆಯ ಎಕ್ಸ್-ರೇ ತೆಗೆಯುವ ಓಪಿಜಿ ಯಂತ್ರವನ್ನು ಆರಂಭದಲ್ಲೇ ಕೊಳ್ಳಬೇಡಿ. ಅದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಜಾಗ ಬೇಕು, ಸಾಲ ಬೇಕು. ಹುಬ್ಬಳ್ಳಿಯ ಎಕ್ಸ್-ರೇ ಕೇಂದ್ರಕ್ಕೆ ಚೀಟಿ ಬರೆದರೆ ಸಾಕು.

3. ಮಕ್ಕಳನ್ನು ವಿಂಗಡಿಸಿ

ಏಳನೇ ವಯಸ್ಸಿಗೆ ಪ್ರತಿ ಮಗುವಿನ ಕಚ್ಚುವಿಕೆಯನ್ನು ಒಮ್ಮೆ ಪರೀಕ್ಷಿಸಬೇಕು. ಆ ಹೊತ್ತಿಗೆ ಮೊದಲ ಕಾಯಂ ದವಡೆ ಹಲ್ಲು ಬಂದಿರುತ್ತದೆ, ಮುಂದಿನ ಬಾಚಿಹಲ್ಲುಗಳು ಇಣುಕುತ್ತಿರುತ್ತವೆ. ಹುಳುಕು ಹುಡುಕುವ ಅಭ್ಯಾಸದಲ್ಲಿ ನಾವು ಬಾಯಿ ತೆರೆಸಿಯೇ ನೋಡುತ್ತೇವೆ. ವಕ್ರದಂತ ಪರೀಕ್ಷೆ ಬಾಯಿ ಮುಚ್ಚುವಾಗ ನಡೆಯಬೇಕು. ನಾಲಗೆಯ ತುದಿಯನ್ನು ಅಂಗುಳಿನ ಹಿಂಭಾಗಕ್ಕೆ ತಾಗಿಸಿ ನಿಧಾನವಾಗಿ ಕಚ್ಚಲು ಹೇಳಿ. ಮೊದಲು ಯಾವ ಹಲ್ಲು ತಾಗಿತು, ಆಮೇಲೆ ದವಡೆ ಪಕ್ಕಕ್ಕೋ ಮುಂದಕ್ಕೋ ಜಾರಿತೇ ಎಂಬುದನ್ನು ಗಮನಿಸಿ. ಹಲ್ಲಿಗೆ ಹಲ್ಲು ಕೂತ ನಂತರವಷ್ಟೇ ನೋಡಿದವರಿಗೆ ಈ ಜಾರಾಟ ಕಾಣುವುದಿಲ್ಲ.

ಕೂಡಲೇ ಕೈಹಾಕಬೇಕಾದವು ಕೆಲವೇ. ದವಡೆ ಪಕ್ಕಕ್ಕೆ ಜಾರುವ ಅಡ್ಡಕಚ್ಚು, ಅಂದರೆ ಮೇಲಿನ ಹಲ್ಲು ಕೆಳಹಲ್ಲಿನ ಒಳಬದಿಗೆ ಕೂರುವುದು. ಮೇಲಿನ ಬಾಚಿಹಲ್ಲು ಕೆಳಹಲ್ಲಿನ ಹಿಂದೆ ಸಿಕ್ಕಿಕೊಂಡು ಕೆಳಗಿನ ಒಸಡು ಜಾರುತ್ತಿರುವುದು. ಮೇಲ್ದವಡೆ ಬೆಳೆಯದೆ ಕೆಳದವಡೆ ಮುಂದೆ ಕಾಣುವುದು. ಇದಕ್ಕೆ ಮುಖಕ್ಕೆ ತೊಡಿಸುವ ಎಳೆತದ ಉಪಕರಣ ಹತ್ತು ವರ್ಷದೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದಷ್ಟೂ ಫಲ ಕಡಿಮೆ. ಕಾಯಂ ಬಾಚಿಹಲ್ಲು ಬಂದ ಮೇಲೂ ಬಿಡದ ಹೆಬ್ಬೆರಳು ಚೀಪುವಿಕೆ. ಹಾಲುಹಲ್ಲಿನ ದವಡೆ ಹಲ್ಲನ್ನು ಹುಳುಕಿನಿಂದ ಬೇಗ ಕಿತ್ತ ಜಾಗವನ್ನು ಕಾಯ್ದಿಡುವುದಂತೂ ನಿಮ್ಮದೇ ಕೆಲಸ. ಕಿತ್ತ ದಿನವೇ ಜಾಗ ಕಾಯುವ ಬ್ಯಾಂಡಿನ ಮಾತೆತ್ತದಿದ್ದರೆ ಮುಂದಿನ ಕ್ಲಿಪ್ಪಿಗೆ ನೀವೇ ಕಾರಣರಾಗುತ್ತೀರಿ.

ಉಳಿದವರನ್ನು ಕಾಯಿಸಿ. ಎಂಟು ಒಂಬತ್ತರ ಮಗುವಿನ ಮೇಲಿನ ಎರಡು ಬಾಚಿಹಲ್ಲುಗಳ ನಡುವಿನ ಸಂದು ನೋಡಿ ತಾಯಂದಿರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಕೋರೆಹಲ್ಲು ಇಳಿದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಬ್ರಾಕೆಟ್ ಅಂಟಿಸಿ ಹಲ್ಲುಗಳನ್ನು ಒತ್ತಿ ಸೇರಿಸಿದರೆ ಬೇರುಗಳು ಇಳಿಯುತ್ತಿರುವ ಕೋರೆಹಲ್ಲಿನ ದಾರಿಗೆ ಅಡ್ಡ ಬರಬಹುದು. ಕೆಳಗಿನ ಬಾಚಿಹಲ್ಲುಗಳ ಅಲ್ಪ ಇಕ್ಕಟ್ಟೂ ಹಾಗೆಯೇ. ಕೆಳಗಿನ ಹಾಲುದವಡೆ ಹಲ್ಲುಗಳು ಅವುಗಳ ಜಾಗಕ್ಕೆ ಬರುವ ಹಲ್ಲುಗಳಿಗಿಂತ ಅಗಲ. ಅವು ಬಿದ್ದಾಗ ಒಂದೊಂದು ಬದಿಗೆ ಸರಾಸರಿ 1.7 ಮಿಲಿಮೀಟರ್ ಜಾಗ ಉಳಿಯುತ್ತದೆ. ಎರಡನೇ ಹಾಲುದವಡೆ ಹಲ್ಲು ಬೀಳುವ ಮುನ್ನ ನಾಲಗೆ ಬದಿಯ ತಂತಿ ಕೂರಿಸಿದರೆ ಆ ಜಾಗ ಇಕ್ಕಟ್ಟು ಬಿಡಿಸಲು ಸಿಗುತ್ತದೆ. ಹಲ್ಲು ಬಿದ್ದು ತಿಂಗಳುಗಳಾದ ಮೇಲೆ ನೆನಪಾದರೆ ಹಿಂದಿನ ಹಲ್ಲು ಮುಂದೆ ಸರಿದು ಜಾಗ ನುಂಗಿರುತ್ತದೆ.

ಉಬ್ಬುಹಲ್ಲಿನ ವಿಷಯದಲ್ಲೂ ಅವಸರ ಬೇಡ. ಬೇಗ ಶುರು ಮಾಡಿದರೆ ಮುಂದಿನ ಹಲ್ಲಿಗೆ ಪೆಟ್ಟು ಬೀಳುವ ಅಪಾಯ ತಗ್ಗುತ್ತದೆ ಎಂಬುದು ನಿಜ. ಅದನ್ನು ಬಿಟ್ಟರೆ, ಎರಡು ಹಂತದಲ್ಲಿ ಮಾಡುವ ಚಿಕಿತ್ಸೆ ಹದಿಹರೆಯದಲ್ಲಿ ಒಂದೇ ಹಂತದಲ್ಲಿ ಮಾಡುವುದಕ್ಕಿಂತ ಉತ್ತಮ ಫಲ ಕೊಡುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳು ಹೇಳಿವೆ. ಶಾಲೆಯಲ್ಲಿ ಹೀಯಾಳಿಸುತ್ತಾರೆ ಎಂದು ಮಗು ಅಳುತ್ತಿದ್ದರೆ ಅದು ಬೇರೆ ಮಾತು. ಆ ಅಳುವೂ ಚಿಕಿತ್ಸೆಗೆ ಸರಿಯಾದ ಕಾರಣವೇ.

ಎಲ್ಲರೂ ಮರೆಯುವ ಪರೀಕ್ಷೆಯೊಂದಿದೆ. ಹತ್ತನೇ ವಯಸ್ಸಿಗೆ ಹಾಲು ಕೋರೆಹಲ್ಲಿನ ಮೇಲ್ಭಾಗದ ಒಸಡನ್ನು ತುಟಿ ಬದಿಯಿಂದ ತೋರುಬೆರಳಲ್ಲಿ ಸವರಿ, ಎರಡೂ ಕಡೆ. ಕಾಯಂ ಕೋರೆಹಲ್ಲಿನ ಉಬ್ಬು ಕೈಗೆ ಸಿಗಬೇಕು. ಸಿಗದಿದ್ದರೆ, ಅಥವಾ ಒಂದು ಬದಿಗೆ ಸಿಕ್ಕು ಇನ್ನೊಂದು ಬದಿಗೆ ಸಿಗದಿದ್ದರೆ ಎಕ್ಸ್-ರೇ ತೆಗೆಸಿ. ಅಂಗುಳಿನ ಕಡೆ ತಿರುಗಿದ ಕೋರೆಹಲ್ಲು ಹಾಲುಹಲ್ಲನ್ನು ಸಕಾಲದಲ್ಲಿ ಕಿತ್ತರೆ ಎಷ್ಟೋ ಸಲ ದಾರಿಗೆ ಬರುತ್ತದೆ. ಬಿಟ್ಟರೆ ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸಬಹುದು, ಮುಂದೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಬೆರಳಿನ ಈ ಪರೀಕ್ಷೆಗೆ ಬಿಡಿಗಾಸೂ ಖರ್ಚಿಲ್ಲ.

ಕಾಯಿಸಿದ ಮಕ್ಕಳಿಗೆ ಬೇರೆ ರಿಜಿಸ್ಟರ್ ಇಡಿ. ‘ಆರು ತಿಂಗಳ ನಂತರ ಬನ್ನಿ’ ಎಂದಷ್ಟೇ ಬರೆಯಬೇಡಿ. ಯಾವ ಹಲ್ಲಿಗಾಗಿ ಕಾಯುತ್ತಿದ್ದೀರಿ ಎಂದು ಬರೆಯಿರಿ. ಮಳೆ ನೋಡಿ ಬಿತ್ತುವ ರೈತನಂತೆ ನಾವು ಹಲ್ಲು ನೋಡಿ ದಿನ ಗೊತ್ತುಮಾಡಬೇಕು. ಕಾಯುವ ಮಗುವಿನ ತಂದೆತಾಯಿಗೆ ‘ಏನೂ ಮಾಡುತ್ತಿಲ್ಲ’ ಎನಿಸದಂತೆ ಕಾರಣ ವಿವರಿಸಿ. ಇಲ್ಲದಿದ್ದರೆ ಅವರು ಪಕ್ಕದ ಬೀದಿಯಲ್ಲಿ ಕ್ಲಿಪ್ ಹಾಕಿಸಿಕೊಂಡು ಬಿಡುತ್ತಾರೆ.

ಸೀಳುತುಟಿ, ಸೀಳು ಅಂಗುಳ, ಮುಖ ಒಂದು ಬದಿಗೆ ವಾಲಿರುವುದು ಕಂಡರೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಆಸ್ಪತ್ರೆಗೆ ಕಳಿಸಿ. ಅವು ಸಣ್ಣ ಕ್ಲಿನಿಕ್‌ನ ಪ್ರಕರಣಗಳಲ್ಲ.

4. ದಿನ ಗೊತ್ತುಮಾಡಿ

ಪೂರ್ಣ ಕ್ಲಿಪ್ಪಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿದೊಡನೆ ಗದಗ, ಹಾವೇರಿಯ ಮಕ್ಕಳು ಪಿಯುಸಿಗಾಗಿ ಧಾರವಾಡಕ್ಕೋ ಮೂಡುಬಿದಿರೆಗೋ ಹಾಸ್ಟೆಲ್ ಸೇರುತ್ತಾರೆ. ಒಂಬತ್ತನೇ ತರಗತಿಯ ಕೊನೆಯಲ್ಲಿ ಶುರು ಮಾಡಿದ ಕ್ಲಿಪ್ ಅಲ್ಲಿ ಅನಾಥವಾಗುತ್ತದೆ. ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ, ಕಾಯಂ ಹಲ್ಲುಗಳು ಬಂದಿದ್ದರೆ, ಶುರು ಮಾಡಿ. ರೋಣ, ಹಿರೇಕೆರೂರಿನಿಂದ ಬಸ್ ಹಿಡಿದು ಬರುವವರನ್ನು ತಿಂಗಳಿಗೊಮ್ಮೆ ಓಡಾಡಿಸಬೇಡಿ. ಆರಂಭದ ನಿಕಲ್ ಟೈಟಾನಿಯಂ ವೈರ್ ಆರರಿಂದ ಎಂಟು ವಾರ ತಾನೇ ಕೆಲಸ ಮಾಡುತ್ತದೆ. ನಿಕಲ್ ಎಂದಾಗ ನೆನಪಾಯಿತು: ಅಗ್ಗದ ಕಿವಿಯೋಲೆ ಹಾಕಿದರೆ ಕಿವಿ ತುರಿಸಿ ಕೆಂಪಾಗುತ್ತದೆಯೇ ಎಂದು ಕೇಳಿಕೊಳ್ಳಿ, ಅದು ನಿಕಲ್ ಅಲರ್ಜಿಯ ಸುಳಿವಿರಬಹುದು.

5. ಅಂಟಿಸುವುದು

ಮುಂಡರಗಿ ಸುತ್ತಮುತ್ತಲಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಕೊಳವೆಬಾವಿಯ ನೀರಿನ ಫ್ಲೋರೈಡನ್ನು ನೆನೆಯಿರಿ. ಅಂಥ ಎನಾಮೆಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಮಾಮೂಲಿ ಮೂವತ್ತು ಸೆಕೆಂಡ್ ಫಾಸ್ಫಾರಿಕ್ ಆಮ್ಲ ಹಚ್ಚಿ ಅಂಟಿಸಿದ ಬ್ರಾಕೆಟ್ ಊರು ಮುಟ್ಟುವ ಮೊದಲೇ ಕಳಚುತ್ತದೆ. ತೊಳೆದು ಒಣಗಿಸಿದಾಗ ಸುಣ್ಣದ ಬಿಳುಪು ಕಾಣದಿದ್ದರೆ ಇನ್ನಷ್ಟು ಹೊತ್ತು ಹಚ್ಚಿ. ಅಂಟಿಸುವ ಮುನ್ನ ಫ್ಲೋರೈಡ್ ಇಲ್ಲದ ಪ್ಯೂಮಿಸ್ ಕಲ್ಲಿನ ಪುಡಿಯಿಂದಲೇ ಉಜ್ಜಿ. ಅರ್ಧ ಬಂದ ದವಡೆ ಹಲ್ಲಿಗೆ ವೈರ್ ತೂರಿಸುವ ಟ್ಯೂಬ್ ಅಂಟಿಸಲು ಹೋರಾಡಬೇಡಿ, ಹಲ್ಲನ್ನು ಸುತ್ತುವ ಬ್ಯಾಂಡ್ ಹಾಕಿ.

ಬಿಲ್ಲಿಲ್ಲದೆ, ಬ್ಯಾಚ್ ಸಂಖ್ಯೆಯಿಲ್ಲದೆ ಪುಡಿಕೆಯಲ್ಲಿ ಬರುವ ಅಗ್ಗದ ಬ್ರಾಕೆಟ್‌ಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ವೈರ್ ಕೂರುವ ತೋಡಿನ ಅಳತೆ ಒಂದೇ ಸಮನಿರುವುದಿಲ್ಲ, ಕೊನೆಯ ಆರು ತಿಂಗಳು ವೈರ್ ಬಾಗಿಸುವುದರಲ್ಲೇ ಕಳೆಯುತ್ತದೆ. ಬಾಯಿ ಪರೀಕ್ಷಿಸದೆ ಕೊರಿಯರ್‌ನಲ್ಲಿ ಬರುವ ಅಲೈನರ್‌ಗಳನ್ನು (ಹಲ್ಲಿಗೆ ತೊಡಿಸುವ ಪಾರದರ್ಶಕ ಕವಚ) ಬೆಳೆಯುವ ಮಕ್ಕಳಿಗೆ ಕೊಡಿಸುವುದನ್ನೂ ನಾನು ಒಪ್ಪುವುದಿಲ್ಲ.

6. ಊಟದ ಪಟ್ಟಿ

ಬಹಳ ಕಡೆ ಕೊಡುವ ಚೀಟಿಯಲ್ಲಿ ಪಾಪ್‌ಕಾರ್ನ್, ಕ್ಯಾರಮೆಲ್ ಬೇಡ ಎಂದಿರುತ್ತದೆ. ನಮ್ಮಲ್ಲಿ ಬ್ರಾಕೆಟ್ ಮುರಿಯುವುದು ಕಡಕ್ ರೊಟ್ಟಿ, ಕಬ್ಬು, ಶೇಂಗಾ ಚಿಕ್ಕಿ, ಇಡಿಯಾಗಿ ಕಚ್ಚುವ ಪೇರಲ. ಬಿಸಿರೊಟ್ಟಿ ತಿನ್ನಲಿ, ಕಡಕ್ ರೊಟ್ಟಿಯನ್ನು ಹಾಲಲ್ಲೋ ಸಾರಲ್ಲೋ ನೆನೆಸಲಿ. ಪೇಢೆಯನ್ನು ಊಟದ ಜೊತೆ ತಿಂದು ಹಲ್ಲುಜ್ಜಲಿ. ಬ್ರಾಕೆಟ್‌ಗೆ ವೈರ್ ಬಿಗಿಯುವ ಪಾರದರ್ಶಕ ರಬ್ಬರ್ ಉಂಗುರ ಅರಿಶಿನಕ್ಕೆ ಹಳದಿಯಾಗುತ್ತದೆ. ಬೂದು ಬಣ್ಣದ್ದನ್ನೇ ಹಾಕಿ.

7. ತೆಗೆದ ಮೇಲೆ

ಕ್ಲಿಪ್ ತೆಗೆದ ಮೇಲೆ ಹಲ್ಲು ಹಿಂದೆ ಸರಿಯದಂತೆ ಹಿಡಿದಿಡುವ ರಿಟೇನರ್‌ನ ಶುಲ್ಕವನ್ನು ಮೊದಲ ದಿನದ ಒಪ್ಪಂದದಲ್ಲೇ ಸೇರಿಸಿ. ಕೊನೆಗೆ ಪ್ರತ್ಯೇಕವಾಗಿ ಕೇಳಿದರೆ ಅರ್ಧ ಮನೆಗಳು ಬೇಡವೆನ್ನುತ್ತವೆ, ಹಲ್ಲು ಹಿಂದಿನ ಜಾಗಕ್ಕೆ ಸರಿಯುತ್ತದೆ. ಹಾಸ್ಟೆಲ್‌ಗೆ ಹೋಗುವ ಮಗುವಿಗೆ ಕೆಳಗಿನ ಬಾಚಿಹಲ್ಲುಗಳ ಹಿಂದೆ ಅಂಟಿಸುವ ತಂತಿಯೇ ಲೇಸು, ಏಕೆಂದರೆ ಕಳಚುವ ರಿಟೇನರನ್ನು ಮಕ್ಕಳು ಮೆಸ್‌ನ ತಟ್ಟೆಯ ಪಕ್ಕದಲ್ಲೇ ಮರೆತು ಬರುತ್ತಾರೆ. ಎಕ್ಸ್-ರೇ, ಫೋಟೋ, ಹಲ್ಲಿನ ಅಚ್ಚಿನ ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು ಕಳಿಸಿ. ತಂತಿ ಎಲ್ಲಿಯಾದರೂ ಬಿಟ್ಟರೆ ಅಲ್ಲಿನ ವೈದ್ಯರಿಗೆ ಅದು ಬೇಕಾಗುತ್ತದೆ.